ಎಂಡೋಮೆಟ್ರಿಯೋಸಿಸ್ ಮಾತ್ರೆ: ಸ್ಪಾಟಿಂಗ್ ಕಂಡ ಕೂಡಲೇ ನಿಲ್ಲಿಸಬೇಡಿ

ಎಂಡೋಮೆಟ್ರಿಯೋಸಿಸ್ ನೋವಿಗೆ ಡಾಕ್ಟರ್ ಡೈನೋಜೆಸ್ಟ್ 2 ಮಿ.ಗ್ರಾಂ ಬರೆದುಕೊಟ್ಟಿದ್ದಾರಾ? ದಿನಕ್ಕೊಂದು ಮಾತ್ರೆ, ಒಂದೇ ಹೊತ್ತಿಗೆ, ರಕ್ತಸ್ರಾವವಿದ್ದರೂ ಬಿಡುವಿಲ್ಲ. ಮೊದಲ ಕೆಲವು ತಿಂಗಳು ಆಗಾಗ ಸ್ಪಾಟಿಂಗ್ ಆಗುವುದು ಸಾಮಾನ್ಯ. ‘ಈ ಔಷಧಿ ನಂಗೆ ಒಗ್ತಿಲ್ಲ’ ಅಂತ ಕೈಬಿಡೋ ಮನಸ್ಸಾಗೋದು ಇಲ್ಲೇ. ಸ್ರಾವ ಜೋರಾಗಿದ್ದರೆ, ನಿಲ್ಲದೇ ಇದ್ದರೆ ಮಾತ್ರ ಕಾಯಬೇಡಿ, ಫೋನ್ ಮಾಡಿ ಕೇಳಿ.

ಮಾತ್ರೆ ಮರೆತರೆ ನೆನಪಾದ ಕೂಡಲೇ ಒಂದು ಸಾಕು, ಒಟ್ಟಿಗೆ ಎರಡು ಬೇಡ. ಹಾರ್ಮೋನ್ ಮಾತ್ರೆ ಅಂದಮಾತ್ರಕ್ಕೆ ಇದನ್ನೇ ಗರ್ಭನಿರೋಧಕ ಅಂತ ನಂಬಬೇಡಿ; ಕಾಂಡೋಮ್ ಬೇಕು. ಫಿಟ್ಸ್, ಟಿಬಿಯ ಕೆಲವು ಔಷಧಿಗಳು ಇದರ ಬಲ ಕುಗ್ಗಿಸುತ್ತವೆ, ಮೊದಲೇ ಹೇಳಿಬಿಡಿ. ಮನಸ್ಸು ಸುಮ್ಮಸುಮ್ಮನೆ ಕುಸಿಯುತ್ತಿದ್ದರೆ ‘ಆಫೀಸ್ ಟೆನ್ಷನ್’ ಅಂತ ತಳ್ಳಿಹಾಕಬೇಡಿ. ಮಾತ್ರೆಯ ಅಡ್ಡಪರಿಣಾಮವೂ ಇರಬಹುದು. ಒಂದೇ ಕಾಲು ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.