ಪೋಡಿನ ನಡುವೆ ಆಸ್ಪತ್ರೆ

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾದಾಗ ಅಲ್ಲಿನ ಬುಡಕಟ್ಟಿನವರಾದ ಸೋಲಿಗರ ಬೇಟೆಗೂ ಕಾಡೊಳಗಿನ ಬೇಸಾಯಕ್ಕೂ ತಡೆ ಬಿತ್ತು. ರಾಗಿ, ಗೆಡ್ಡೆಗೆಣಸು, ಜೇನು, ಸೊಪ್ಪು ಕೂಡಿದ್ದ ಊಟ ಬಡವಾಯಿತು. ವೈದ್ಯರಾದ ಡಾ. ಎಚ್. ಸುದರ್ಶನ್ ಅಲ್ಲಿಗೆ ಬಂದದ್ದು ಅದಾದ ಕೆಲವೇ ವರ್ಷಗಳಲ್ಲಿ. 1981ರಲ್ಲಿ ಅವರಿಂದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಹುಟ್ಟಿತು. ಅದರ ಆಸ್ಪತ್ರೆಯ ಬೆನ್ನಿಗೇ ಶಾಲೆಯೂ ಎದ್ದಿತು. ಮಾತ್ರೆ ಕೊಟ್ಟು ಕಳಿಸಿದರೂ ಹಸಿವು ಮತ್ತೆ ಕಾಯಿಲೆ ತರುವ ಕಡೆ ಆಸ್ಪತ್ರೆಯೊಂದೇ ಸಾಲುತ್ತಿರಲಿಲ್ಲ.

ಈ ಕೇಂದ್ರದ ಹೆಚ್ಚುಗಾರಿಕೆ, ನನ್ನ ಮಟ್ಟಿಗೆ, ಹೆರಿಗೆಯ ವಿಷಯದಲ್ಲಿದೆ. ಸೋಲಿಗ ಹೆಂಗಸರಿಗೆ ಕುಕ್ಕರುಗಾಲಲ್ಲಿ ಕೂತು ಹೆರುವ ರೂಢಿಯಿತ್ತು. ಅದನ್ನು ಅಜ್ಞಾನವೆಂದು ತಳ್ಳಿಹಾಕದೆ, ಅದರ ಅನುಕೂಲವನ್ನು ವೈದ್ಯರು ಒಪ್ಪಿಕೊಂಡರು. ಬಸುರಿಯನ್ನು ಗದರಿಸಿ ಮಂಚಕ್ಕೆ ಏರಿಸುವ ಆಸ್ಪತ್ರೆಗೆ ಸೋಲಿಗರ ಹಾಡಿಯಾದ ಪೋಡಿನಿಂದ ಯಾರು ತಾನೇ ಇಳಿದು ಬಂದಾರು? ಸೋಲಿಗ ಹುಡುಗಿಯರಿಗೇ ದಾದಿಯರ ತರಬೇತಿ ಸಿಕ್ಕಿತು.

ಬೆಟ್ಟದ ಕೆಳಗಿನ ಯಳಂದೂರಿನಲ್ಲಿ ಕುಷ್ಠರೋಗದ ಕೆಲಸಕ್ಕಾಗಿ 1986ರಲ್ಲಿ ಸುದರ್ಶನ್ ಅವರದೇ ಕರುಣಾ ಟ್ರಸ್ಟ್ ಶುರುವಾಯಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆ ಅದಕ್ಕೆ ಬಂತು. ಆ ಕೇಂದ್ರವು ಸರ್ಕಾರದ್ದೇ, ನಡೆಸುವವರು ಮಾತ್ರ ಬೇರೆ. ಮುಂದೆ ಅರುಣಾಚಲ ಪ್ರದೇಶದಲ್ಲೂ ಟ್ರಸ್ಟ್ ಇಂಥ ಕೇಂದ್ರಗಳನ್ನು ವಹಿಸಿಕೊಂಡಿತು. ಹಾಗೆಂದು ಎಲ್ಲವನ್ನೂ ಟ್ರಸ್ಟುಗಳಿಗೆ ಒಪ್ಪಿಸಿ ಸರ್ಕಾರ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಒಪ್ಪಂದ ಮುಗಿದ ಮಾರನೆಯ ದಿನವೂ ರೋಗಿ ಬರುತ್ತಾನೆ.

2011ರಲ್ಲಿ, ಬೆಟ್ಟ ಹುಲಿ ಮೀಸಲು ಪ್ರದೇಶವಾದ ವರ್ಷದಲ್ಲೇ, ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಊಟ ಬಡವಾದ ಕಡೆ ಜೇನು, ನೆಲ್ಲಿಕಾಯಿ ಕೀಳುವ ಹಕ್ಕೂ ಆರೋಗ್ಯದ ಲೆಕ್ಕಕ್ಕೆ ಸೇರಬೇಕು.

ಈಗಿನ ದೊಡ್ಡ ಸವಾಲು ಕುಡಗೋಲು ಕಣ ರಕ್ತಹೀನತೆ. ಸೋಲಿಗರಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತಿದೆ. ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕೈಕಾಲು ಹಿಡಿದುಕೊಂಡು ನರಳಿಸುವ ನೋವು, ಪದೇ ಪದೇ ಸೋಂಕು, ಜೀವನಪೂರ್ತಿ ಔಷಧ. 2023ರ ಜುಲೈನಲ್ಲಿ ಈ ಕಾಯಿಲೆಯ ವಿರುದ್ಧ ರಾಷ್ಟ್ರೀಯ ಅಭಿಯಾನ ಆರಂಭವಾಗಿ ರಕ್ತಪರೀಕ್ಷೆ, ಅದರ ಫಲಿತಾಂಶ ತಿಳಿಸುವ ಕಾರ್ಡಿನ ವಿತರಣೆ ಬಿರುಸಾದವು. ಆದರೆ ಮದುವೆಗೆ ನಿಂತ ಹುಡುಗ ಹುಡುಗಿಗೆ ಆ ಕಾರ್ಡಿನ ಅರ್ಥವನ್ನು ಅವಮಾನವಾಗದಂತೆ ತಿಳಿಸುವುದು ಮೇಲಿಂದ ಮೇಲೆ ಬದಲಾಗುವ ಗುತ್ತಿಗೆ ಸಿಬ್ಬಂದಿಯಿಂದ ಆಗದ ಕೆಲಸ. ಸೋಲಿಗರ ಮಾತು ಬಲ್ಲ, ಅವರ ಮನೆಯವರನ್ನೂ ಬಲ್ಲ ದಾದಿಯ ಹುದ್ದೆಯನ್ನು ಸರ್ಕಾರ ಕಾಯಂ ಮಾಡಬೇಕು. ಹೊಸ ಕಟ್ಟಡಕ್ಕಿಂತ ಮೊದಲು ಅವಳ ಸಂಬಳಕ್ಕೆ ಹಣ ಎತ್ತಿಡಬೇಕು.