ಉಸಿರನ್ನು ಕಾಯುವವರು

ಗಸಗಸೆಯ ಪಾಯಸವನ್ನುಂಡರೆ ನಿದ್ರೆ ಚೆನ್ನಾಗಿ ಬರುವುದೆಂಬ ನಂಬಿಕೆ ನಮ್ಮ ನಾಡಿನ ಮನೆಮನೆಗಳಲ್ಲಿಯೂ ಉಂಟು. ಪಾಯಸಕ್ಕೆ ಅರೆಯುವ ಆ ಬೀಜದಲ್ಲಿ ಮತ್ತು ಬರಿಸುವ ವಸ್ತು ಇಲ್ಲವೆನ್ನುವಷ್ಟು ಸ್ವಲ್ಪ. ಆದರೆ ಅದೇ ಗಿಡದ ಹಸಿಗಾಯಿಯನ್ನು ಹರಿತವಾದ ಅಲಗಿನಿಂದ ಗೀರಿದಾಗ ಒಸರುವ ಹಾಲಿನ ಗುಣವೇ ಬೇರೆ. ಆ ಹಾಲು ಒಣಗಿ ಕಂದುಬಣ್ಣಕ್ಕೆ ತಿರುಗಿದಾಗ ಅದು ಅಫೀಮು ಎನಿಸಿಕೊಳ್ಳುತ್ತದೆ. ನೋವನ್ನು ನೀಗುವ ಮದ್ದೆಂದು ಮಾನವನು ಅದನ್ನು ಸಾವಿರಾರು ವರ್ಷಗಳಿಂದ ಬಲ್ಲನು. ಪ್ರಮಾಣ ಮೀರಿದರೆ ಅದು ಪ್ರಾಣಾಪಹಾರಿಯೆಂಬುದನ್ನೂ ಬಲ್ಲನು.

1805ರ ಸುಮಾರಿಗೆ ಜರ್ಮನಿಯ ಸೆರ್ಟ್ಯೂರ್ನರ್ ಎಂಬ ತರುಣ ಔಷಧಿಕಾರನು ಅಫೀಮಿನ ಸಾರವನ್ನು ಬೇರ್ಪಡಿಸಿ, ಕನಸುಗಳ ಗ್ರೀಕ್ ದೇವತೆಯಾದ ಮಾರ್ಫಿಯಸನ ಹೆಸರನ್ನು ಅದಕ್ಕಿಟ್ಟನು. ಅದೇ ಮಾರ್ಫೀನ್. ಮಾರ್ಫೀನನ್ನು ಮಾರ್ಪಡಿಸಿ ಪಡೆದ ಹೆರಾಯಿನನ್ನು 1898ರಲ್ಲಿ ಜರ್ಮನಿಯ ಬೇಯರ್ ಕಂಪನಿಯು ಕೆಮ್ಮಿನ ಔಷಧವೆಂದು ಮಾರಾಟಕ್ಕೆ ತಂದಿತು. 1960ರಲ್ಲಿ ಬೆಲ್ಜಿಯಂ ದೇಶದ ಪಾಲ್ ಯಾನ್ಸೆನ್ ಎಂಬ ವೈದ್ಯವಿಜ್ಞಾನಿಯು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಸಗಸೆಯ ಗಿಡದ ಹಂಗೇ ಇಲ್ಲದೆ, ಕೇವಲ ಪ್ರಯೋಗಶಾಲೆಯಲ್ಲಿ ಒಂದು ಹೊಸ ವಸ್ತುವನ್ನು ರಚಿಸಿದನು. ಫೆಂಟನಿಲ್ ಎಂಬುದೇ ಅದರ ಹೆಸರು. ಅದರ ಶಕ್ತಿ ಮಾರ್ಫೀನಿನ ಶಕ್ತಿಗೆ ಸುಮಾರು 100 ಪಾಲು. ಮಾರ್ಫೀನನ್ನು ವೈದ್ಯರು ಮಿಲಿಗ್ರಾಂಗಳಲ್ಲಿ ಅಳೆದರೆ, ಫೆಂಟನಿಲನ್ನು ಮಿಲಿಗ್ರಾಂನ ಸಾವಿರದ ಒಂದಂಶವಾದ ಮೈಕ್ರೊಗ್ರಾಂಗಳಲ್ಲಿ ಅಳೆಯಬೇಕಾಗುತ್ತದೆ.

ಅಂತಹ ಉಗ್ರ ವಸ್ತುವನ್ನು ವೈದ್ಯರು ಬಳಸುವುದಾದರೂ ಹೇಗೆ ಎಂದು ವಾಚಕರು ಕೇಳಬಹುದು. ಮಣಿಪಾಲದಲ್ಲಿ ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ಕೊಠಡಿಗಳಲ್ಲಿ ಫೆಂಟನಿಲ್ ದಿನಬಳಕೆಯ ಔಷಧವೇ ಸರಿ. ಅದನ್ನು ಪಡೆದ ಎಷ್ಟೋ ರೋಗಿಗಳ ಉಸಿರು ಮೇಜಿನ ಮೇಲೆಯೇ ಕುಗ್ಗುತ್ತದೆ, ಕೆಲವೊಮ್ಮೆ ನಿಂತೂ ಹೋಗುತ್ತದೆ. ಆದರೂ ಅವರು ಸಾಯುವುದಿಲ್ಲ. ಏಕೆಂದರೆ ತಲೆಯ ಬಳಿ ಅರಿವಳಿಕೆಯ ವೈದ್ಯರು ಕುಳಿತು ಒಂದೊಂದು ಉಸಿರನ್ನೂ ಕಾಯುತ್ತಿರುತ್ತಾರೆ. ಅದು ತಗ್ಗಿದೊಡನೆ ತಾವೇ ಗಾಳಿಯನ್ನು ಒದಗಿಸುತ್ತಾರೆ. ಕೋವಿಡಿನ ಕಾಲದಲ್ಲಿ ನಾವೆಲ್ಲರೂ ಬೆರಳಿಗೆ ಸಿಕ್ಕಿಸಿಕೊಂಡ ಆ ಪುಟ್ಟ ಯಂತ್ರವೂ ರಕ್ತದ ಆಮ್ಲಜನಕವನ್ನು ಎಣಿಸುತ್ತಲೇ ಇರುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಒಬ್ಬ ತರುಣನನ್ನು ಕೊಲ್ಲುವ ಮದ್ದೂ ಇಂತಹದೇ. ಅಲ್ಲಿ ಅದರ ಪ್ರಮಾಣವನ್ನು ಬಲ್ಲವರಿಲ್ಲ; ಉಸಿರನ್ನು ಕಾಯುವವರೂ ಇಲ್ಲ. ಪ್ರಾಣವನ್ನು ಉಳಿಸುವ ವಿಚಾರವೆಲ್ಲವೂ ಈ ವ್ಯತ್ಯಾಸದಲ್ಲಿಯೇ ಅಡಗಿದೆ.

ಉಸಿರು ನಿಲ್ಲುವ ಬಗೆ

ನಾವು ಉಸಿರಾಡಬೇಕೆಂದು ನೆನೆದು ಉಸಿರಾಡುವುದಿಲ್ಲ. ರಕ್ತದಲ್ಲಿ ಇಂಗಾಲಾಮ್ಲ ವಾಯುವು ಹೆಚ್ಚಿದೊಡನೆ ಮಿದುಳಿನ ಬುಡದಲ್ಲಿರುವ ಕೇಂದ್ರವು ಅದನ್ನರಿತು ಎದೆಯ ಸ್ನಾಯುಗಳಿಗೆ ಆಜ್ಞೆ ಕಳುಹಿಸುತ್ತದೆ. ನಿಮಿಷಕ್ಕೆ 12ರಿಂದ 20 ಬಾರಿ, ನಿದ್ರೆಯಲ್ಲಿಯೂ ಈ ಕೆಲಸವು ನಡೆಯುತ್ತಿರುತ್ತದೆ. ಅಫೀಮಿನ ಕುಲದ ಎಲ್ಲ ವಸ್ತುಗಳೂ ಮಿದುಳಿನ ಕಣಗಳ ಮೇಲಿರುವ ಕೆಲವು ಗ್ರಾಹಕಗಳಿಗೆ, ಬೀಗಕ್ಕೆ ಕೀಲಿ ಹೊಂದುವಂತೆ, ಹೊಂದಿಕೊಳ್ಳುತ್ತವೆ. 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಅವರು ಈ ಗ್ರಾಹಕಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟರು. ಕೀಲಿ ತಿರುಗಿದಾಗ ನೋವು ಮರೆಯಾಗುತ್ತದೆ, ಮನಸ್ಸಿಗೆ ಸುಖವೆನಿಸುತ್ತದೆ. ಜೊತೆಯಲ್ಲಿಯೇ ಉಸಿರಿನ ಕೇಂದ್ರವೂ ಮಂಕಾಗುತ್ತದೆ. ಇಂಗಾಲಾಮ್ಲವು ಏರುತ್ತಿದ್ದರೂ ಕೇಂದ್ರಕ್ಕೆ ಅದು ತಿಳಿಯದು. ಉಸಿರು ನಿಮಿಷಕ್ಕೆ 8ಕ್ಕೆ, 4ಕ್ಕೆ ಇಳಿದು ಕೊನೆಗೆ ನಿಲ್ಲುತ್ತದೆ. ಆಮ್ಲಜನಕವು ದೊರೆಯದಿದ್ದರೆ ಮಿದುಳು ನಾಲ್ಕಾರು ನಿಮಿಷಗಳಲ್ಲಿ ಕೆಡಲಾರಂಭಿಸುತ್ತದೆ.

ಮದ್ಯವಾಗಲಿ, ಆಲ್ಪ್ರಜೋಲಂನಂತಹ ನಿದ್ರೆಯ ಗುಳಿಗೆಗಳಾಗಲಿ ಇದರೊಡನೆ ಸೇರಿದರೆ ಅಪಾಯವು ಹಲವು ಮಡಿಯಾಗುತ್ತದೆ. ಅವೂ ಅದೇ ಕೇಂದ್ರವನ್ನು ಬೇರೊಂದು ದಾರಿಯಿಂದ ಮಲಗಿಸುತ್ತವೆ.

ನಮ್ಮ ನಾಡಿನ ಸ್ಥಿತಿ

ಅಮೆರಿಕದಲ್ಲಿ 2022ನೆಯ ಒಂದೇ ವರ್ಷದಲ್ಲಿ ಮಾದಕವಸ್ತುಗಳ ಪ್ರಮಾಣ ಮೀರಿದ ಸೇವನೆಯಿಂದ 1 ಲಕ್ಷ 7 ಸಾವಿರಕ್ಕೂ ಹೆಚ್ಚು ಜನರು ಸತ್ತರು. ಅವುಗಳಲ್ಲಿ ಸುಮಾರು 74 ಸಾವಿರ ಸಾವುಗಳಿಗೆ ಮುಖ್ಯವಾಗಿ ಕಳ್ಳತನದಿಂದ ತಯಾರಿಸಿದ ಫೆಂಟನಿಲ್ ಕಾರಣ. ಬೇರೆ ಗುಳಿಗೆಯೆಂದು ನಂಬಿ ನುಂಗಿದವರೂ ಅವರಲ್ಲಿದ್ದರು; ಏಕೆಂದರೆ ಉಪ್ಪಿನ ಕೆಲವು ಹರಳುಗಳಷ್ಟು ಫೆಂಟನಿಲ್ ಯಾವ ಪುಡಿಯಲ್ಲಿ ಬೆರೆತರೂ ಕಣ್ಣಿಗಾಗಲಿ ನಾಲಗೆಗಾಗಲಿ ತಿಳಿಯದು.

ನಮ್ಮ ಕರಾವಳಿಯಲ್ಲಿ ಫೆಂಟನಿಲ್ ಪರಿಚಿತವಾಗಿರುವುದು ಆಸ್ಪತ್ರೆಗಳಲ್ಲಿಯೇ ಹೊರತು ಬೀದಿಗಳಲ್ಲಲ್ಲ. ಉಡುಪಿ, ಕಾರ್ಕಳಗಳ ಪೊಲೀಸ್ ಸುದ್ದಿಯಲ್ಲಿ ನಾವು ಹೆಚ್ಚಾಗಿ ಓದುವುದು ಗಾಂಜಾ ಮತ್ತು ಎಂಡಿಎಂಎಗಳ ವಿಷಯವನ್ನು. ಹಾಗೆಂದು ನಿಶ್ಚಿಂತರಾಗುವಂತಿಲ್ಲ. 2018ರ ಸೆಪ್ಟೆಂಬರಿನಲ್ಲಿ ಇಂದೋರಿನಲ್ಲಿ ಅಧಿಕಾರಿಗಳು ಕಿಲೋಗ್ರಾಂಗಟ್ಟಲೆ ಫೆಂಟನಿಲನ್ನು ವಶಪಡಿಸಿಕೊಂಡರು. ಅದೇ ವರ್ಷದ ಏಪ್ರಿಲಿನಲ್ಲಿ ಸರ್ಕಾರವು ಟ್ರಾಮಡಾಲ್ ಎಂಬ ನೋವಿನ ಗುಳಿಗೆಯನ್ನು ಮಾದಕವಸ್ತುಗಳ ಕಾನೂನಿನ ಹಿಡಿತಕ್ಕೆ ತಂದಿತು. ಅದರ ಬಂಧುವಾದ ಟಪೆಂಟಾಡಾಲ್ ಗುಳಿಗೆಯ ಚಟಕ್ಕೆ ಸಿಕ್ಕಿದ ರೋಗಿಗಳ ವಿವರವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 2020ರಲ್ಲಿ ಪ್ರಕಟಿಸಿದರು. ದೆಹಲಿಯ ಏಮ್ಸ್ ಸಂಸ್ಥೆಯು ನಡೆಸಿ 2019ರಲ್ಲಿ ಹೊರತಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಫೀಮಿನ ಕುಲದ ವಸ್ತುಗಳನ್ನು ಸೇವಿಸುವವರು ಸುಮಾರು 2 ಕೋಟಿ 26 ಲಕ್ಷ. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ಅದರಿಂದ ಕೇಡಾಗುತ್ತಿದೆ ಅಥವಾ ಅದಿಲ್ಲದೆ ನಡೆಯದಂತಾಗಿದೆ. ಚೀಟಿಯಿಲ್ಲದೆ ಕೈಗೆ ಬಂದ ಗುಳಿಗೆಯಲ್ಲಿ ಏನಿದೆ, ಎಷ್ಟಿದೆ ಎಂಬುದನ್ನು ಕೊಟ್ಟವನೂ ಅರಿಯನು, ಕೊಂಡವನೂ ಅರಿಯನು.

ಬಿಟ್ಟು ಬಂದವನಿಗೆ ಒದಗುವ ಅಪಾಯ

ದಿನವೂ ಸೇವಿಸುವವನ ಶರೀರವು ಮದ್ದಿಗೆ ಒಗ್ಗಿಹೋಗಿರುತ್ತದೆ. ಅದೇ ಪರಿಣಾಮಕ್ಕೆ ಹೆಚ್ಚು ಹೆಚ್ಚು ಪ್ರಮಾಣವು ಬೇಕಾಗುತ್ತದೆ. ಚಿಕಿತ್ಸೆಯ ಶಿಬಿರದಲ್ಲಿಯೋ ಸೆರೆಮನೆಯಲ್ಲಿಯೋ ಕೆಲವು ವಾರ ಅದರಿಂದ ದೂರವಿದ್ದರೆ ಈ ಒಗ್ಗುವಿಕೆ ಅಳಿದುಹೋಗುತ್ತದೆ. ಹೊರಗೆ ಬಂದವನು ಒಂದು ದಿನ ಮನಸ್ಸು ಸೋತು ತನ್ನ ಹಳೆಯ ಪ್ರಮಾಣವನ್ನೇ ತೆಗೆದುಕೊಂಡನೆನ್ನಿ. ಅವನ ಕೈಗೆ ಹಳೆಯ ಅಳತೆ ನೆನಪಿದೆ, ಶರೀರಕ್ಕೆ ಇಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸೆರೆಮನೆಯಿಂದ ಬಿಡುಗಡೆಯಾದವರನ್ನು ಕುರಿತು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೊದಲ ಎರಡು ವಾರಗಳಲ್ಲಿ ಅವರು ಪ್ರಮಾಣ ಮೀರಿದ ಸೇವನೆಯಿಂದ ಸಾಯುವ ಸಂಭವವು ಸಾಮಾನ್ಯರಿಗಿಂತ 129 ಪಾಲು ಹೆಚ್ಚೆಂದು ಕಂಡಿತು.

ಮಗ ಶಿಬಿರದಿಂದ ಗುಣವಾಗಿ ಬಂದನೆಂದು ಮನೆಯವರು ನಿಟ್ಟುಸಿರು ಬಿಡುವ ದಿನಗಳೇ ಅತ್ಯಂತ ಎಚ್ಚರದ ದಿನಗಳು. ಈ ಮಾತನ್ನು ಅವನಿಗೂ ಬಿಡಿಸಿ ಹೇಳಬೇಕು. ಬಿಡುವುದೇ ಶ್ರೇಷ್ಠ, ಸಂದೇಹವಿಲ್ಲ. ಆದರೆ ಬಿಡಬೇಕಾದರೆ ಮೊದಲು ಬದುಕಿರಬೇಕು. ಒಂಟಿಯಾಗಿ ಸೇವಿಸುವುದು, ಬಾಗಿಲಿಗೆ ಚಿಲಕ ಹಾಕಿಕೊಳ್ಳುವುದು, ಮದ್ಯದೊಡನೆ ಬೆರೆಸುವುದು, ಬಿಟ್ಟು ಹಿಡಿದಾಗ ಹಳೆಯ ಪ್ರಮಾಣಕ್ಕೆ ಕೈಹಾಕುವುದು, ಈ ನಾಲ್ಕೂ ಸಾವಿಗೆ ದಾರಿಯೆಂದು ತಿಳಿಸುವುದರಿಂದ ಯಾರೂ ಚಟಕ್ಕೆ ಬೀಳುವುದಿಲ್ಲ.

ಆ ಕೆಲವು ನಿಮಿಷಗಳು

ಕಾರ್ಕಳದಿಂದ ಬೈಲೂರು, ಹಿರಿಯಡ್ಕಗಳ ಮೇಲೆ ಮಣಿಪಾಲಕ್ಕೆ 30 ಕಿಲೋಮೀಟರಿಗೂ ಮಿಕ್ಕ ದಾರಿ. ಘಟ್ಟದ ಬುಡದ ಮಾಳದಂತಹ ಹಳ್ಳಿಯವರಿಗೆ ಕಾರ್ಕಳದ ಆಸ್ಪತ್ರೆಯೇ ದೂರ. ಆಷಾಢದ ಮಳೆಯಲ್ಲಿ ಇನ್ನೂ ದೂರ. ಮಿದುಳಿಗಿರುವ ಅವಧಿಯಾದರೋ ನಾಲ್ಕಾರು ನಿಮಿಷ. ಆದ್ದರಿಂದ ಮೊದಲ ಚಿಕಿತ್ಸೆಯು ಪಕ್ಕದಲ್ಲಿರುವವನ ಕೈಯಲ್ಲಿಯೇ ಇದೆ.

ಲಕ್ಷಣಗಳು ಮೂರು: ಎಷ್ಟು ಕೂಗಿದರೂ, ಎದೆಯ ಮೂಳೆಯನ್ನು ಗೆಣ್ಣುಗಳಿಂದ ಬಲವಾಗಿ ಉಜ್ಜಿದರೂ ಎಚ್ಚರವಾಗದಿರುವುದು, ಉಸಿರು ಬಹಳ ನಿಧಾನವಾಗುವುದು ಅಥವಾ ಗಂಟಲಲ್ಲಿ ಗೊರಗೊರನೆ ಸದ್ದಾಗುವುದು, ಕಣ್ಣಿನ ಪಾಪೆ ಸೂಜಿಯ ಮೊನೆಯಷ್ಟಾಗುವುದು. ತುಟಿ ಮತ್ತು ಉಗುರುಗಳು ನೀಲಿಗಟ್ಟುತ್ತವೆ. ಕಪ್ಪು ಮೈಬಣ್ಣದವರಲ್ಲಿ ಬೂದಿಯ ಬಣ್ಣ ತಾಳುತ್ತವೆ. ಆ ಗೊರಕೆಯನ್ನು ಕೇಳಿ ‘ಚೆನ್ನಾಗಿ ನಿದ್ರೆ ಬಂದಿದೆ, ಮಲಗಲಿ, ಬೆಳಗ್ಗೆ ಸರಿಹೋದೀತು’ ಎಂದು ಬಿಟ್ಟುಹೋದ ಗೆಳೆಯರಿಂದಲೇ ಎಷ್ಟೋ ಪ್ರಾಣಗಳು ಹೋಗಿವೆ.

ಕೂಡಲೇ 108ಕ್ಕೆ ಫೋನು ಮಾಡಬೇಕು. ರೋಗಿಯನ್ನು ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಗಲ್ಲವನ್ನು ಮೇಲೆತ್ತಬೇಕು. ಬಾಯಲ್ಲಿ ಏನಾದರೂ ಕಂಡರೆ ತೆಗೆಯಬೇಕು. ಮೂಗನ್ನು ಒತ್ತಿಹಿಡಿದು, ಬಾಯಿಗೆ ಬಾಯಿಟ್ಟು, ಐದು ಸೆಕೆಂಡಿಗೊಮ್ಮೆ ಒಂದೊಂದು ಉಸಿರನ್ನು ಊದಬೇಕು. ಪ್ರತಿಸಲವೂ ಎದೆಯು ಏರುವುದನ್ನು ನೋಡಬೇಕು. ಉಸಿರೂ ನಾಡಿಯೂ ಇಲ್ಲದಿದ್ದರೆ ಎದೆಯ ನಡುವೆ ಬಲವಾಗಿ 30 ಬಾರಿ ಒತ್ತಿ ಎರಡು ಉಸಿರು ಕೊಡುವ ಕ್ರಮವನ್ನು ಅನುಸರಿಸಬೇಕು. ಉಸಿರು ತಾನಾಗಿ ನಡೆಯತೊಡಗಿದರೆ, ವಾಂತಿಯು ಶ್ವಾಸನಾಳಕ್ಕೆ ಇಳಿಯದಂತೆ ಮಗ್ಗುಲಾಗಿ ಮಲಗಿಸಬೇಕು. ಹುಣಿಸೆಯ ನೀರು, ನಿಂಬೆಯ ರಸ, ಮಜ್ಜಿಗೆಗಳನ್ನು ಎಚ್ಚರವಿಲ್ಲದವನ ಬಾಯಿಗೆ ಸುರಿಯುವುದು ಮತ್ತಿಗೆ ಮದ್ದಲ್ಲ. ಅದರಿಂದ ಅವನು ಉಸಿರುಕಟ್ಟಿ ಸಾಯಬಹುದು.

ಎಂಡಿಎಂಎಯಂತಹ ವಸ್ತುಗಳು ಬೇರೆ ಕುಲಕ್ಕೆ ಸೇರಿದವು. ಅವುಗಳಿಂದ ಮೈ ಕಾದು, ಸೆಳೆತ ಬಂದು ಪ್ರಾಣಕ್ಕೆ ಎರವಾಗಬಹುದು. ಅಲ್ಲಿಯೂ ಕೂಡಲೇ ಆಸ್ಪತ್ರೆಗೆ ಒಯ್ಯುವುದೇ ದಾರಿ.

ಬೀಗದಿಂದ ಕೀಲಿಯನ್ನು ಕೀಳುವ ಮದ್ದು

1961ರಲ್ಲಿ ಅಮೆರಿಕದ ಜ್ಯಾಕ್ ಫಿಶ್‌ಮನ್ ಮತ್ತು ಮೋಜಸ್ ಲೆವೆನ್‌ಸ್ಟೈನ್ ಎಂಬುವರು ನಾಲೊಕ್ಸೋನ್ ಎಂಬ ಔಷಧಕ್ಕೆ ಹಕ್ಕುಪತ್ರವನ್ನು ಕೋರಿದರು. ಇದು ಅದೇ ಗ್ರಾಹಕಕ್ಕೆ ಇನ್ನೂ ಬಿಗಿಯಾಗಿ ಹೊಂದಿಕೊಂಡು, ಅಲ್ಲಿದ್ದ ಮದ್ದನ್ನು ತಳ್ಳಿಹಾಕುತ್ತದೆ. ಆದರೆ ತಾನು ಬೀಗವನ್ನು ತಿರುಗಿಸುವುದಿಲ್ಲ. ಚುಚ್ಚಿದ ಎರಡು ಮೂರು ನಿಮಿಷಗಳಲ್ಲಿ ಉಸಿರು ಮರಳಬಹುದು. ಅಫೀಮಿನ ಕುಲದ ವಸ್ತುವನ್ನು ಸೇವಿಸಿರದವನಿಗೆ ಕೊಟ್ಟರೂ ಇದರಿಂದ ಕೇಡಿಲ್ಲ. ಆದರೆ ಇದರ ಪರಿಣಾಮವು 30ರಿಂದ 90 ನಿಮಿಷ ಮಾತ್ರ. ಅದು ಇಳಿದ ಮೇಲೆ ಒಳಗುಳಿದ ಮದ್ದು ಮತ್ತೆ ಉಸಿರನ್ನು ಅದುಮಬಹುದು. ಆದ್ದರಿಂದ ಎಚ್ಚರಗೊಂಡವನು ಎಷ್ಟೇ ಬೇಡವೆಂದರೂ ಆಸ್ಪತ್ರೆಗೆ ಒಯ್ಯಬೇಕು.

1996ರಿಂದ ಷಿಕಾಗೊ ನಗರದಲ್ಲಿ ನಾಲೊಕ್ಸೋನನ್ನು ಸೇವಿಸುವವರ ಕೈಗೇ ಕೊಟ್ಟು ಬಳಕೆಯನ್ನು ಕಲಿಸಲಾಯಿತು. 2011ರಲ್ಲಿ ಸ್ಕಾಟ್ಲೆಂಡ್ ಇದನ್ನು ಇಡೀ ದೇಶದ ಕಾರ್ಯಕ್ರಮವನ್ನಾಗಿ ಮಾಡಿತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು, ಇಂತಹ ಘಟನೆಯನ್ನು ಕಣ್ಣಾರೆ ಕಾಣುವ ಸಂಭವವಿರುವ ಗೆಳೆಯರಿಗೂ ಮನೆಯವರಿಗೂ ನಾಲೊಕ್ಸೋನ್ ದೊರೆಯಬೇಕೆಂದು ಶಿಫಾರಸು ಮಾಡಿತು. ನಮ್ಮ ದೇಶದ ಮಣಿಪುರ, ನಾಗಾಲ್ಯಾಂಡ್‌ಗಳಲ್ಲಿಯೂ ಸೇವಾಸಂಸ್ಥೆಗಳು ಈ ಕೆಲಸವನ್ನು ಮಾಡಿ ತೋರಿಸಿವೆ. ನಮ್ಮ ರಾಷ್ಟ್ರೀಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿ ನಾಲೊಕ್ಸೋನ್ ಸೇರಿದೆ. ಅದು ವೈದ್ಯರ ಚೀಟಿಯ ಮೇಲೆ ದೊರೆಯುವ ಚುಚ್ಚುಮದ್ದು. ಚಟಕ್ಕೆ ಚಿಕಿತ್ಸೆ ಪಡೆಯುವವರ ಮನೆಯವರು ಇದರ ವಿಷಯವನ್ನು ತಮ್ಮ ವೈದ್ಯರಲ್ಲಿ ಕೇಳಿ ತಿಳಿಯುವುದು ಉಚಿತ.

ಭಯ ಮತ್ತು ನಾಚಿಕೆ

ಗೆಳೆಯನು ಬಿದ್ದಾಗ ಉಳಿದವರು ಓಡಿಹೋಗುವುದು ನಿರ್ದಯೆಯಿಂದಲ್ಲ, ಪೊಲೀಸರ ಭಯದಿಂದ. ಮನೆಯವರು ಬಾಗಿಲು ಹಾಕಿಕೊಳ್ಳುವುದು ಊರಿನವರ ಬಾಯಿಗೆ ಅಂಜಿ. 1985ರ ಮಾದಕವಸ್ತುಗಳ ಕಾನೂನು ಸೇವನೆಯನ್ನು ಶಿಕ್ಷಾರ್ಹವೆನ್ನುತ್ತದೆ, ನಿಜ. ಆದರೆ ಅದರ 64ಎ ವಿಧಿಯ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸರ್ಕಾರವು ಮಾನ್ಯ ಮಾಡಿದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ಣಗೊಳಿಸಿದರೆ ಆ ಮೊಕದ್ದಮೆಯಿಂದ ವಿನಾಯಿತಿ ಪಡೆಯಬಹುದು. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯಲ್ಲಿಯೂ ಮಣಿಪಾಲದಲ್ಲಿಯೂ ಮನೋವೈದ್ಯರು ವ್ಯಸನಕ್ಕೆ ಚಿಕಿತ್ಸೆ ಕೊಡುತ್ತಾರೆ. ಮಾದಕ ವ್ಯಸನದ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446. ಮನಸ್ಸಿನ ಆರೋಗ್ಯದ ಟೆಲಿಮಾನಸ್ ಸಂಖ್ಯೆ 14416.

ಚಟದ ಸೋಂಕೇ ಇಲ್ಲದ ಮನೆಗಳಿಗೂ ಇಲ್ಲೊಂದು ಎಚ್ಚರಿಕೆ ಉಂಟು. ಕ್ಯಾನ್ಸರಿನ ನೋವಿಗೆ ವೈದ್ಯರು ಫೆಂಟನಿಲ್ ಪಟ್ಟಿಗಳನ್ನು ಚರ್ಮಕ್ಕೆ ಅಂಟಿಸಲು ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಪಟ್ಟಿಯು ಮೂರು ದಿನ ಕೆಲಸ ಮಾಡುತ್ತದೆ. ತೆಗೆದ ಮೇಲೂ ಅದರಲ್ಲಿ ಸಾಕಷ್ಟು ಮದ್ದು ಉಳಿದಿರುತ್ತದೆ. ನೆಲಕ್ಕೆ ಬಿದ್ದ ಪಟ್ಟಿಯನ್ನು ಮಗು ಬಾಯಿಗಿಟ್ಟರೆ ಸಾಯಬಹುದು. ಬಳಸಿದ ಪಟ್ಟಿಯನ್ನು ಅಂಟಿನ ಬದಿ ಒಳಗಾಗುವಂತೆ ಮಡಚಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು ಆಸ್ಪತ್ರೆಗೆ ಹಿಂದಿರುಗಿಸುವುದು ಮೇಲು. ಪಟ್ಟಿಯ ಮೇಲೆ ಬಿಸಿನೀರಿನ ಚೀಲವನ್ನಿಡಬಾರದು. ಕಾವಿನಿಂದ ಮದ್ದು ಬೇಗನೆ ಒಳಸೇರುತ್ತದೆ.

ಉಸಿರು ಕೊಡುವ ಈ ವಿದ್ಯೆ ಕರಾವಳಿಗೆ ಹೊಸದೇನೂ ಅಲ್ಲ. ಕಾಪುವಿನ ಕಡಲಲ್ಲಿ ಮುಳುಗಿದವನನ್ನು ದಡಕ್ಕೆಳೆದು ಮಾಡುವುದೂ ಇದನ್ನೇ. ಅವನು ನೀರಿಗೆ ಏಕೆ ಇಳಿದನೆಂದು ಆಗ ಯಾರೂ ವಿಚಾರಿಸುವುದಿಲ್ಲ. ಮೊದಲು ಉಸಿರು, ವಿಚಾರಣೆ ಆಮೇಲೆ. ಮತ್ತಿನಲ್ಲಿ ಮುಳುಗಿದವನಿಗೂ ಇದೇ ನ್ಯಾಯವು ಸಲ್ಲಬೇಕು. ಶಾಲೆ ಕಾಲೇಜುಗಳಲ್ಲಿ, ಯುವಕ ಮಂಡಲಗಳಲ್ಲಿ ವೈದ್ಯರನ್ನು ಕರೆಸಿ ಒಂದು ಗಂಟೆಯ ಕಾಲ ಇದನ್ನು ಕಲಿತರೆ ಸಾಕು; ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ರೋಗಿಯ ತಲೆಯ ಬಳಿ ಕುಳಿತವರ ಕೆಲಸವನ್ನು, ಆಂಬುಲೆನ್ಸು ಬರುವವರೆಗೆ, ಯಾರು ಬೇಕಾದರೂ ಮಾಡಬಹುದು.