ಮನೆಮಂದಿಯ ಫೋಟೋದಲ್ಲಿ ನೀವೂ ಇರಬೇಕಲ್ಲ? ಟ್ರೈಪಾಡ್ ಕೊಳ್ಳುವ ಮುನ್ನ ಇದನ್ನು ಓದಿ

ಎರಡು ವರ್ಷಕ್ಕೊಮ್ಮೆ ರಜೆ. ಸಿಗುವುದು ನಲವತ್ತೋ ಅರವತ್ತೋ ದಿನ. ಅಷ್ಟರಲ್ಲೇ ತಂಗಿಯ ಮದುವೆ, ಮಗುವಿನ ಹುಟ್ಟುಹಬ್ಬ, ಅಮ್ಮನ ಜತೆ ಒಂದು ಪ್ರಯಾಣ, ಸಂಜೆ ಮಕ್ಕಳೊಂದಿಗೆ ಕಡಲತೀರ. ಎಲ್ಲದರ ಫೋಟೋ ತೆಗೆದಾಗುತ್ತದೆ. ವಾಪಸ್ ಬಂದು ರಾತ್ರಿ ರೂಮಿನ ಬೆಡ್‌ನಲ್ಲಿ ಮಲಗಿ ಮೊಬೈಲ್ ತೆರೆದರೆ ಐನೂರು ಫೋಟೋ ಇರುತ್ತವೆ. ತೆಗೆದವರು ಮಾತ್ರ ಒಂದರಲ್ಲೂ ಇರುವುದಿಲ್ಲ. ಇದ್ದರೂ ಕೈ ಚಾಚಿ ತೆಗೆದ ಸೆಲ್ಫಿಯ ಮೂಲೆಯಲ್ಲಿ ಅರ್ಧ ಮುಖ.

ಕೊಲ್ಲಿಯಲ್ಲಿ ದುಡಿಯುವ ಅನೇಕರು ತಮ್ಮ ಮೊದಲ ಒಳ್ಳೆಯ ಕ್ಯಾಮೆರಾ ಅಥವಾ ಒಳ್ಳೆಯ ಫೋನ್ ಕೊಳ್ಳುವುದು ಇಲ್ಲಿಯೇ. ಕ್ಯಾಮೆರಾ ಕೊಳ್ಳಲು ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಟ್ರೈಪಾಡ್ ಮಾತ್ರ ಅಂಗಡಿಯವನು ಬ್ಯಾಗಿನ ಜತೆ ಫ್ರೀ ಕೊಟ್ಟದ್ದು. ಅದು ಕಡಲ ಗಾಳಿಗೆ ಮಗುಚಿ ಬಿದ್ದು, ಎರಡು ತಿಂಗಳ ಉಳಿತಾಯದ ಲೆನ್ಸ್ ಒಡೆದ ಮೇಲೆ "ಒಳ್ಳೆಯದು ತಗೋಬೇಕಿತ್ತು" ಅನಿಸುತ್ತದೆ. ಹಾಗಂತ ದುಬಾರಿಯದ್ದೇ ಬೇಕು ಎಂದೇನೂ ಇಲ್ಲ. ಯಾವ ಕೆಲಸಕ್ಕೆ ಯಾವುದು ಎಂದು ತಿಳಿದಿದ್ದರೆ ಕಡಿಮೆ ಹಣದಲ್ಲೂ ಸರಿಯಾದದ್ದು ಸಿಗುತ್ತದೆ.

ಮೂರು ಕಾಲು ಯಾಕೆ?

ನಾಲ್ಕು ಕಾಲಿನ ಬೆಂಚು ತಗ್ಗುದಿಣ್ಣೆ ನೆಲದಲ್ಲಿ ಅಲ್ಲಾಡುತ್ತದೆ. ಮುಕ್ಕಾಲಿ ಅಲ್ಲಾಡುವುದಿಲ್ಲ, ಮೂರು ಕಾಲುಗಳೂ ಯಾವಾಗಲೂ ನೆಲ ಮುಟ್ಟುತ್ತವೆ. ಟ್ರೈಪಾಡಿನ ಗುಟ್ಟು ಇಷ್ಟೇ.

ಇದು ಯಾವಾಗ ಬೇಕು? ಕೈಯಲ್ಲಿ ಹಿಡಿದು ತೆಗೆಯಲು ಒಂದು ಹಳೆಯ ಲೆಕ್ಕವಿದೆ. ಲೆನ್ಸ್ 50 ಮಿಲಿಮೀಟರ್ ಆದರೆ ಶಟರ್ ವೇಗ ಸೆಕೆಂಡಿನ ಐವತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಚುರುಕಾಗಿರಬೇಕು, 300 ಮಿಲಿಮೀಟರ್ ಆದರೆ ಮುನ್ನೂರನೇ ಒಂದು ಭಾಗ. ಈಗಿನ ಲೆನ್ಸ್‌ಗಳಲ್ಲಿ ಕೈ ನಡುಕ ತಡೆಯುವ ವ್ಯವಸ್ಥೆ ಇರುವುದರಿಂದ ಸ್ವಲ್ಪ ರಿಯಾಯಿತಿ ಸಿಗುತ್ತದೆ. ಆದರೆ ರಾತ್ರಿ ಹೊತ್ತು ಎರಡು, ಐದು, ಹತ್ತು ಸೆಕೆಂಡ್ ಶಟರ್ ತೆರೆದಿಡಬೇಕಾದಾಗ ಯಾರ ಕೈಯೂ ಸಾಕಾಗುವುದಿಲ್ಲ.

ಅಂಗಡಿಗೆ ಹೋಗುವ ಮುನ್ನ ನಿಮ್ಮನ್ನೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಹೆಚ್ಚಾಗಿ ಏನನ್ನು ತೆಗೆಯುತ್ತೀರಿ? ಕ್ಯಾಮೆರಾ ಮತ್ತು ಲೆನ್ಸ್ ಸೇರಿ ತೂಕ ಎಷ್ಟು? ಟ್ರೈಪಾಡನ್ನು ಹೊತ್ತುಕೊಂಡು ಹೋಗುವುದು ಬಸ್, ಮೆಟ್ರೋದಲ್ಲಾ, ಗೆಳೆಯನ ಕಾರಿನಲ್ಲಾ? ಮೂರನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಮೂರು ಕಿಲೋದ ಗಟ್ಟಿ ಟ್ರೈಪಾಡ್ ಬೆಡ್ ಕೆಳಗೇ ಉಳಿದರೆ ಅದು ಇದ್ದೂ ಇಲ್ಲದಂತೆ.

ಮೊಬೈಲ್ ಮಾತ್ರ ಇರುವವರಿಗೆ

ಫೋನಿನ ತೂಕ ಸುಮಾರು 200 ಗ್ರಾಂ. ಇದಕ್ಕೆ ಭಾರೀ ಟ್ರೈಪಾಡ್ ಬೇಡ. ಸೆಲ್ಫಿ ಸ್ಟಿಕ್ಕಿನ ಕೆಳಗೆ ಮೂರು ಕಾಲು ಬಿಚ್ಚಿಕೊಳ್ಳುವ ಮಾದರಿ, ಜತೆಗೆ ಬ್ಲೂಟೂತ್ ರಿಮೋಟ್ ಇದ್ದರೆ ರೂಮಿನೊಳಗೆ, ಗಾಳಿ ಇಲ್ಲದ ಜಾಗದಲ್ಲಿ ಸಾಕು. ವಿಡಿಯೋ ಕಾಲ್‌ಗೂ ಆಗುತ್ತದೆ. ಊರಲ್ಲಿ ಪೂಜೆಯೋ ನಿಶ್ಚಿತಾರ್ಥವೋ ನಡೆಯುವಾಗ ಮನೆಯವರು ಇಂಥದ್ದೊಂದರ ಮೇಲೆ ಫೋನ್ ಇಟ್ಟರೆ ಇಲ್ಲಿರುವವರಿಗೆ ಇಡೀ ಕಾರ್ಯಕ್ರಮ ಅಲ್ಲಾಡದೆ ಕಾಣುತ್ತದೆ. ಕಾಲುಗಳನ್ನು ಬೇಕಾದಂತೆ ಬಗ್ಗಿಸಿ ಕಂಬಕ್ಕೋ ಕಿಟಕಿ ಸರಳಿಗೋ ಸುತ್ತುವ ಚಿಕ್ಕ ಟ್ರೈಪಾಡ್‌ಗಳೂ ಸಿಗುತ್ತವೆ.

ಕೊಳ್ಳುವಾಗ ಫೋನ್ ಹಿಡಿಯುವ ಕ್ಲಿಪ್ ನೋಡಿ. ಕವರ್ ಸಮೇತ ನಿಮ್ಮ ಫೋನ್ ಅದರಲ್ಲಿ ಕೂರಬೇಕು, ತಲೆಕೆಳಗೆ ಮಾಡಿದರೂ ಜಾರಬಾರದು. ಕ್ಲಿಪ್ ಸಾಮಾನ್ಯ ಕಾಲು ಇಂಚಿನ ಸ್ಕ್ರೂ ಮೇಲೆ ಕೂರುವಂಥದ್ದಾದರೆ ಮುಂದೆ ದೊಡ್ಡ ಟ್ರೈಪಾಡಿಗೂ ಹಾಕಬಹುದು. ಫೋನನ್ನು ಟ್ರೈಪಾಡ್ ಮೇಲಿಟ್ಟರೆ ನೈಟ್ ಮೋಡ್ ಕೂಡ ಬದಲಾಗುತ್ತದೆ. ಐಫೋನ್ ಅಲ್ಲಾಡುತ್ತಿಲ್ಲ ಎಂದು ತಿಳಿದ ಕೂಡಲೇ ಕತ್ತಲಲ್ಲಿ 30 ಸೆಕೆಂಡ್‌ವರೆಗೂ ಬೆಳಕು ಹಿಡಿಯುತ್ತದೆ. ಗೂಗಲ್ ಪಿಕ್ಸೆಲ್‌ನ ನಕ್ಷತ್ರ ಮೋಡ್ 4 ನಿಮಿಷದವರೆಗೆ ಹೋಗುತ್ತದೆ.

ರಾತ್ರಿಯ ನಗರ, ಪಟಾಕಿ

ಬುರ್ಜ್ ಖಲೀಫಾ, ದೋಹಾ ಕಾರ್ನಿಶ್‌ನ ದೀಪಗಳು, ಮಸ್ಕತ್‌ನ ಮತ್ರಾ ಕಾರ್ನಿಶ್, ಕುವೈತ್ ಟವರ್ಸ್: ಕೊಲ್ಲಿಯ ನಗರಗಳು ಚೆಂದ ಕಾಣುವುದು ಸೂರ್ಯ ಮುಳುಗಿದ ಮೇಲಿನ ಅರ್ಧ ಗಂಟೆಯಲ್ಲಿ. ಆಗ ಆಕಾಶ ಇನ್ನೂ ನೀಲಿ, ಕಟ್ಟಡಗಳ ದೀಪ ಹೊತ್ತಿರುತ್ತದೆ. ಐಎಸ್‌ಒ 100, ಅಪರ್ಚರ್ ಎಫ್ 8 ಇಟ್ಟು ಹಲವು ಸೆಕೆಂಡ್ ಶಟರ್ ತೆರೆದರೆ ಚಿತ್ರ ಸ್ಪಷ್ಟ ಬರುತ್ತದೆ. ರಸ್ತೆಯಲ್ಲಿ ಹೋಗುವ ಕಾರುಗಳ ದೀಪ ಗೆರೆಗೆರೆಯಾಗಿ ಬರಬೇಕಾದರೆ 10ರಿಂದ 20 ಸೆಕೆಂಡ್. ಪಟಾಕಿಗೆ 2ರಿಂದ 4 ಸೆಕೆಂಡ್ ಸಾಕು.

ಇದಕ್ಕೆ ಬೇಕಾದದ್ದು ಒಂದೂವರೆ ಕಿಲೋ ಆಸುಪಾಸಿನ, ಬಾಲ್ ಹೆಡ್ ಇರುವ ಟ್ರೈಪಾಡ್. ಒಂದೇ ತಿರುಪು ಸಡಿಲಿಸಿ ಕ್ಯಾಮೆರಾವನ್ನು ಯಾವ ಕಡೆಗಾದರೂ ತಿರುಗಿಸಬಹುದು. ಶಟರ್ ಒತ್ತುವಾಗಲೂ ಕ್ಯಾಮೆರಾ ನಡುಗುತ್ತದೆ, ಆದ್ದರಿಂದ 2 ಸೆಕೆಂಡ್ ಟೈಮರ್ ಅಥವಾ ರಿಮೋಟ್ ಬಳಸಿ. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ನಡುಕ ತಡೆಯುವ ಸ್ವಿಚ್ ಆಫ್ ಮಾಡುವುದು ಒಳ್ಳೆಯದು. ಹಳೆಯ ಲೆನ್ಸ್‌ಗಳಲ್ಲಿ ಅದೇ ಚಿತ್ರ ಮಸುಕಾಗಲು ಕಾರಣವಾಗುತ್ತದೆ.

ಮರುಭೂಮಿ, ನಕ್ಷತ್ರ

ಅಬುಧಾಬಿಯ ಅಲ್ ಕುವಾ ಅಥವಾ ಒಮಾನ್‌ನ ಜಬಲ್ ಶಮ್ಸ್‌ನಲ್ಲಿ ಅಮಾವಾಸ್ಯೆಯ ಹತ್ತಿರದ ರಾತ್ರಿಗಳಲ್ಲಿ ಆಕಾಶಗಂಗೆ ಬರಿಗಣ್ಣಿಗೂ ಕಾಣುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಶಟರ್ ಎಷ್ಟು ಹೊತ್ತು ತೆರೆಯಬೇಕು ಎನ್ನುವುದಕ್ಕೆ 500ರ ಲೆಕ್ಕ ಇದೆ. ಐನೂರನ್ನು ಲೆನ್ಸಿನ ಮಿಲಿಮೀಟರ್‌ನಿಂದ ಭಾಗಿಸಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿಲಿಮೀಟರ್ ಲೆನ್ಸ್‌ಗೆ ಸುಮಾರು 20 ಸೆಕೆಂಡ್. ಹೆಚ್ಚಿನವರ ಬಳಿ ಇರುವ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ 18 ಮಿಲಿಮೀಟರ್ ಲೆನ್ಸನ್ನು 27 ಎಂದು ಲೆಕ್ಕ ಹಾಕಬೇಕು, ಆಗ ಸುಮಾರು 18 ಸೆಕೆಂಡ್. ಅದಕ್ಕಿಂತ ಹೆಚ್ಚಾದರೆ ಭೂಮಿ ತಿರುಗುವುದರಿಂದ ನಕ್ಷತ್ರಗಳು ಚುಕ್ಕಿಯ ಬದಲು ಗೆರೆಯಾಗುತ್ತವೆ.

ಇಲ್ಲಿ ಮರಳು ಮತ್ತು ಗಾಳಿ ಎರಡೂ ತೊಂದರೆ ಕೊಡುತ್ತವೆ. ಕಾಲುಗಳನ್ನು ಅಗಲವಾಗಿ ಬಿಡಿಸಿ, ಮರಳಿಗೆ ಒತ್ತಿ ಕೂರಿಸಿ. ಎತ್ತರ ಕಡಿಮೆ ಇಡಿ. ನಡುವಿನ ಕಂಬ ಎತ್ತಲೇ ಬೇಡಿ, ಎತ್ತಿದರೆ ಮೂರು ಕಾಲಿನ ಬಲ ಹೋಗಿ ಒಂಟಿಕಾಲಿನ ಮೇಲೆ ಕ್ಯಾಮೆರಾ ನಿಂತಂತೆ. ಕಂಬದ ಕೆಳಗಿನ ಕೊಕ್ಕೆಗೆ ಬ್ಯಾಗ್ ತೂಗುಹಾಕಬಹುದು, ಆದರೆ ಬ್ಯಾಗ್ ನೆಲಕ್ಕೆ ಸ್ವಲ್ಪ ತಾಗಿರಲಿ. ತೂಗಾಡಿದರೆ ಅದೇ ಟ್ರೈಪಾಡನ್ನು ಅಲ್ಲಾಡಿಸುತ್ತದೆ. ಇನ್ನೊಂದು ಮಾತು: ಮರುಭೂಮಿಗೆ ಒಬ್ಬರೇ ಹೋಗಬೇಡಿ, ನೀರು ಮತ್ತು ದಾರಿ ಗೊತ್ತಿರುವ ಜನ ಜತೆಗಿರಲಿ.

ಹಕ್ಕಿಗಳು ಮತ್ತು ವೇದಿಕೆ

ಚಳಿಗಾಲದಲ್ಲಿ ದುಬೈನ ರಾಸ್ ಅಲ್ ಖೋರ್‌ನಲ್ಲಿ ಫ್ಲೆಮಿಂಗೋ ಹಕ್ಕಿಗಳು ಗುಂಪುಗುಂಪಾಗಿ ಸೇರುತ್ತವೆ. ಉದ್ದ ಲೆನ್ಸ್ ಹಾಕಿದರೆ ಕ್ಯಾಮೆರಾ ಮುಂದಕ್ಕೆ ವಾಲುತ್ತದೆ, ಸಣ್ಣ ಬಾಲ್ ಹೆಡ್ ಅದನ್ನು ತಡೆಯಲಾರದು. 600 ಮಿಲಿಮೀಟರ್‌ನ ದೊಡ್ಡ ಲೆನ್ಸಿಗೆ ಗಿಂಬಲ್ ಹೆಡ್ ಬೇಕು. ಅಷ್ಟು ಖರ್ಚು ಬೇಡವೆಂದರೆ ಒಂಟಿ ಕಾಲಿನ ಮೋನೋಪಾಡ್ ಒಳ್ಳೆಯ ದಾರಿ. ಭಾರ ಅದು ಹೊರುತ್ತದೆ, ಹಕ್ಕಿ ಹಾರಿದ ಕಡೆ ನೀವು ತಿರುಗಬಹುದು. ಕ್ರಿಕೆಟ್ ಮ್ಯಾಚಿಗೆ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಿ, ಸ್ಟೇಡಿಯಂ ಗೇಟಿನಲ್ಲಿ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ.

ಕನ್ನಡ ಸಂಘದ ರಾಜ್ಯೋತ್ಸವ, ಯಕ್ಷಗಾನ, ಮಕ್ಕಳ ಡ್ಯಾನ್ಸ್ ವಿಡಿಯೋ ಮಾಡುವವರಿಗೆ ಬೇಕಾದದ್ದು ಫ್ಲೂಯಿಡ್ ಹೆಡ್. ಇದರೊಳಗಿನ ಗಟ್ಟಿ ದ್ರವ ತಿರುಗಿಸುವ ವೇಗಕ್ಕೆ ತಡೆ ಕೊಡುತ್ತದೆ. ವೇಷಧಾರಿ ರಂಗದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಾಗ ಕ್ಯಾಮೆರಾ ಜರ್ಕ್ ಇಲ್ಲದೆ ಹಿಂಬಾಲಿಸುತ್ತದೆ. ಬಾಲ್ ಹೆಡ್‌ನಲ್ಲಿ ಇದು ಆಗುವುದಿಲ್ಲ.

ತೂಕ, ಎತ್ತರ, ಲಾಕ್

ಪೆಟ್ಟಿಗೆಯ ಮೇಲೆ "ಹೊರುವ ಸಾಮರ್ಥ್ಯ" ಎಂದು ಬರೆದಿರುತ್ತದೆ. ಅದು ನಿಮ್ಮ ಕ್ಯಾಮೆರಾ ಮತ್ತು ಲೆನ್ಸಿನ ಒಟ್ಟು ತೂಕದ ಎರಡು-ಮೂರು ಪಟ್ಟು ಇರಲಿ. ಸಾಮಾನ್ಯ ಕ್ಯಾಮೆರಾ ಜತೆಗೆ 70-300 ಲೆನ್ಸ್ ಸೇರಿ ಒಂದೂಕಾಲು ಕಿಲೋ ಆಯಿತೆಂದರೆ, 4 ಕಿಲೋ ಹೊರುವ ಟ್ರೈಪಾಡ್ ಸಾಕು.

ಎತ್ತರವನ್ನು ನಡುವಿನ ಕಂಬ ಎತ್ತದೆ ಅಳೆಯಿರಿ. ಮೇಲೆ ಹೆಡ್ ಮತ್ತು ಕ್ಯಾಮೆರಾ ಸೇರಿ ಇನ್ನೂ 20 ಸೆಂಟಿಮೀಟರ್ ಬರುತ್ತದೆ. ಸಾಧಾರಣ ಎತ್ತರದವರಿಗೆ ಕಾಲುಗಳು 135-140 ಸೆಂಟಿಮೀಟರ್ ಇದ್ದರೆ ಬೆನ್ನು ಬಗ್ಗಿಸದೆ ನೋಡಬಹುದು.

ಕಾಲುಗಳ ಭಾಗ ಹೆಚ್ಚಾದಷ್ಟೂ ಮಡಚಿದಾಗ ಚಿಕ್ಕದಾಗುತ್ತದೆ, ಆದರೆ ಕೊನೆಯ ಭಾಗ ತೆಳ್ಳಗಾಗಿ ನಡುಗುತ್ತದೆ. ಬಿಚ್ಚುವಾಗ ದಪ್ಪ ಭಾಗವನ್ನು ಮೊದಲು, ತೆಳುವಾದದ್ದನ್ನು ಕೊನೆಗೆ ಎಳೆಯಿರಿ. ಒಂದು ಕಾಲು ಲೆನ್ಸಿನ ದಿಕ್ಕಿಗೆ ಮುಂದೆ ಇರಲಿ, ಆಗ ಭಾರಕ್ಕೆ ಮುಂದಕ್ಕೆ ಬೀಳುವುದಿಲ್ಲ.

ಅಲ್ಯೂಮಿನಿಯಂ ಅಗ್ಗ, ಗಟ್ಟಿ, ಆದರೆ ಜುಲೈ ಬಿಸಿಲಿಗೆ ಕೈ ಸುಡುತ್ತದೆ. ಕಾರ್ಬನ್ ಫೈಬರ್ ಹಗುರ, ನಡುಕವನ್ನೂ ಬೇಗ ನಿಲ್ಲಿಸುತ್ತದೆ, ಬೆಲೆ ಮಾತ್ರ ಹಲವು ಪಟ್ಟು. ವರ್ಷಕ್ಕೆ ನಾಲ್ಕೈದು ಸಲ ಬಳಸುವವರಿಗೆ ಅಲ್ಯೂಮಿನಿಯಂ ಸಾಕು. ಮರಳಿನ ಜಾಗದಲ್ಲಿ ಕ್ಲಿಪ್ ಹಾಕುವ ಲಾಕ್ ಸುಲಭ, ತಿರುಗಿಸುವ ಲಾಕಿನ ಎಳೆಗಳಿಗೆ ಮರಳು ಹೊಕ್ಕರೆ ಕರಕರ ಎನ್ನುತ್ತದೆ. ಕಡಲತೀರದಿಂದ ಬಂದ ದಿನವೇ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆದು, ಬಿಚ್ಚಿಟ್ಟು ಒಣಗಿಸಿ. ಉಪ್ಪು ಉಳಿದರೆ ಲಾಕ್ ಹಾಳಾಗುತ್ತದೆ.

ಎಲ್ಲಿ ನಿಲ್ಲಿಸಬಹುದು?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೈಯಲ್ಲಿ ಫೋನ್ ಹಿಡಿದವರನ್ನು ಸೆಕ್ಯುರಿಟಿಯವರು ನೋಡಿಯೂ ಸುಮ್ಮನಿರಬಹುದು, ಟ್ರೈಪಾಡ್ ಬಿಚ್ಚಿದ ಕೂಡಲೇ ಬಂದು ಪರ್ಮಿಟ್ ಕೇಳುತ್ತಾರೆ. ಮಾಲ್, ಹೋಟೆಲ್, ಪ್ರವಾಸಿ ತಾಣಗಳಲ್ಲಿ ಮೊದಲೇ ವಿಚಾರಿಸಿ. ಸೇನೆಯ ಜಾಗ, ಸರ್ಕಾರಿ ಕಟ್ಟಡ, ವಿಮಾನ ನಿಲ್ದಾಣದ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ. ಯುಎಇಯ 2021ರ ಸೈಬರ್ ಅಪರಾಧ ತಡೆ ಕಾನೂನಿನ ಪ್ರಕಾರ ಒಬ್ಬರ ಖಾಸಗಿತನಕ್ಕೆ ಧಕ್ಕೆಯಾಗುವಂತೆ ಅವರ ಒಪ್ಪಿಗೆ ಇಲ್ಲದೆ ಫೋಟೋ ತೆಗೆಯುವುದು, ಹಂಚುವುದು ಶಿಕ್ಷಾರ್ಹ. ಅಪಘಾತದ ಗಾಯಾಳುಗಳ ಫೋಟೋ ಕೂಡ ಇದರಲ್ಲಿ ಬರುತ್ತದೆ. ಬೀಚಿನಲ್ಲಿ ಬೇರೆ ಕುಟುಂಬದವರು ಫ್ರೇಮಿನೊಳಗೆ ಬಾರದಂತೆ ನೋಡಿಕೊಳ್ಳಿ.

ವಾರದ ರಜೆಯಲ್ಲಿ ಹಣ ಪಡೆದು ಫೋಟೋ ತೆಗೆಯುವ ಆಸೆ ಕೆಲವರಿಗಿದೆ. ಕಂಪನಿ ವೀಸಾದಲ್ಲಿರುವವರು ಬೇರೆ ಕಡೆ ಸಂಪಾದಿಸಲು ಪ್ರತ್ಯೇಕ ಅನುಮತಿ ಬೇಕು. ಅದಿಲ್ಲದೆ ಮಾಡಿ ಇರುವ ಕೆಲಸಕ್ಕೇ ಕುತ್ತು ತಂದುಕೊಳ್ಳಬೇಡಿ.

ಹೊಸದೋ, ಹಳೆಯದೋ?

ಬರ್ ದುಬೈನ ಅಲ್ ಫಹೀದಿ ರಸ್ತೆಯಂಥ ಕಡೆ ನಾಲ್ಕು ಅಂಗಡಿ ಸುತ್ತಿ, ಚೌಕಾಸಿ ಮಾಡಿ. ನಿಮ್ಮ ಕ್ಯಾಮೆರಾ ಒಯ್ಯಿರಿ. ಟ್ರೈಪಾಡನ್ನು ಪೂರ್ತಿ ಬಿಚ್ಚಿ, ಕ್ಯಾಮೆರಾ ಕೂರಿಸಿ, ಒಂದು ಕಾಲಿಗೆ ಬೆರಳಿನಿಂದ ತಟ್ಟಿ. ನಡುಕ ಒಂದೆರಡು ಸೆಕೆಂಡಿನಲ್ಲಿ ನಿಲ್ಲಬೇಕು.

ಶಾಶ್ವತವಾಗಿ ಊರಿಗೆ ಹೊರಟವರು ಮಾರುವ ಸೆಕೆಂಡ್ ಹ್ಯಾಂಡ್ ಟ್ರೈಪಾಡ್ ಕೂಡ ಒಳ್ಳೆಯ ವ್ಯಾಪಾರ. ಅದರಲ್ಲಿ ಕೆಡುವ ಎಲೆಕ್ಟ್ರಾನಿಕ್ಸ್ ಏನೂ ಇಲ್ಲ. ಲಾಕ್ ಹಾಕಿ ಮೇಲಿನಿಂದ ಒತ್ತಿದಾಗ ಕಾಲು ಜಾರುತ್ತದೆಯೇ, ಮೂರು ರಬ್ಬರ್ ಪಾದಗಳೂ ಇವೆಯೇ, ಕ್ಯಾಮೆರಾ ಕೂರಿಸುವ ಪ್ಲೇಟ್ ಜತೆಗಿದೆಯೇ ನೋಡಿ. ಪ್ಲೇಟ್ ಕಳೆದುಹೋಗಿದ್ದರೆ, ಅದು ಎಲ್ಲೆಡೆ ಸಿಗುವ ಆರ್ಕಾ ಸ್ವಿಸ್ ಮಾದರಿಯದ್ದಾದರೆ ಮಾತ್ರ ಕೊಳ್ಳಿ. ಬೇರೆ ಮಾದರಿಯ ಪ್ಲೇಟ್ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಊರಿಗೆ ಒಯ್ಯುವಾಗ ಟ್ರೈಪಾಡನ್ನು ಬಟ್ಟೆ ಸುತ್ತಿ ಚೆಕ್-ಇನ್ ಲಗೇಜಿನಲ್ಲಿ ಹಾಕಿ. ಕೈಚೀಲದಲ್ಲಿಟ್ಟರೆ ಸೆಕ್ಯುರಿಟಿಯಲ್ಲಿ ತಡೆಯುವ ಸಾಧ್ಯತೆ ಇದೆ. ಕ್ಯಾಮೆರಾ, ಬಿಡಿ ಬ್ಯಾಟರಿ ಮಾತ್ರ ಕೈಯಲ್ಲೇ ಇರಲಿ. ಮಡಚಿದಾಗ 45 ಸೆಂಟಿಮೀಟರ್ ಒಳಗಿದ್ದು, ಒಂದೂವರೆ ಕಿಲೋ ದಾಟದಿದ್ದರೆ ಮಕ್ಕಳ ಚಾಕೊಲೇಟಿಗೂ ಜಾಗ ಉಳಿಯುತ್ತದೆ.

ಊರಿಗೆ ಮುಟ್ಟಿದ ಮೇಲೆ

ಹೋದ ಮೊದಲ ವಾರದಲ್ಲೇ ಒಂದು ಬೆಳಗ್ಗೆ ಎಲ್ಲರನ್ನೂ ಸೇರಿಸಿ. ಕೊನೆಯ ದಿನಕ್ಕೆ ಇಟ್ಟರೆ ಪ್ಯಾಕಿಂಗ್ ಗಡಿಬಿಡಿ, ಎಲ್ಲರ ಕಣ್ಣೂ ತುಂಬಿರುತ್ತದೆ. ಅಂಗಳದಲ್ಲಿ ನೆರಳಿರುವ ಕಡೆ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಮಿಕ್ಕವರು ಹಿಂದೆ ನಿಲ್ಲಲಿ. ನಿಮಗೊಂದು ಜಾಗ ಖಾಲಿ ಬಿಡಲು ಹೇಳಿ. ಕ್ಯಾಮೆರಾ ನಿಂತವರ ಎದೆಯ ಮಟ್ಟಕ್ಕೆ ಇರಲಿ, ಎರಡು ಸಾಲು ಜನ ಇದ್ದರೆ ಎಫ್ 8. ಅಜ್ಜಿಯ ಮುಖಕ್ಕೆ ಫೋಕಸ್ ಮಾಡಿ, 10 ಸೆಕೆಂಡ್ ಟೈಮರ್ ಹಾಕಿ, ಒಮ್ಮೆಗೆ ನಾಲ್ಕೈದು ಫೋಟೋ ಬರುವಂತೆ ಸೆಟ್ ಮಾಡಿ. ಮಕ್ಕಳು ಒಂದರಲ್ಲಾದರೂ ಕಣ್ಣು ಬಿಟ್ಟಿರುತ್ತಾರೆ.

ಆಮೇಲೆ ಶಟರ್ ಒತ್ತಿ, ಓಡಿ ಹೋಗಿ ಅಮ್ಮನ ಪಕ್ಕ ನಿಂತುಕೊಳ್ಳಿ.